ನಮೂನೆ ಏಳು

ನಿಯಮ ಬಂದು ಮೂರೇ ತಿಂಗಳು:
ಮನೆಯಂಗಳದ ಹಸಿರಿನಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು
ಈ ನೆಲದ ಗಿಡವೇ ಇರತಕ್ಕದ್ದು.
ಇದ್ದರೆ ಮನೆ ತೆರಿಗೆಯಲ್ಲಿ ನೂರಕ್ಕೆ ಐದು ಮಾಫಿ,
ಇಲ್ಲದಿದ್ದರೆ ನೋಟೀಸು.
ಎಣಿಸಲು ನಾನು,
ಕುಲಶೇಖರದ ಏರಿನಲ್ಲಿ ಇನ್ನೂ
ಬೈಕಿನ ಗೇರು ತಪ್ಪುವ ಘಟ್ಟದ ಮೇಲಿನವ.

ಸೆವ್ರಿನ್ ಬಾಯಿಯ ಗೇಟಿಗೆ ಬೀಗವಿಲ್ಲ, ಹಗ್ಗ.
ಮುರಕಲ್ಲಿನ ಕಟ್ಟೆಯಲ್ಲಿ ಕೂತು ಬಂಗುಡೆ ತೊಳೆಯುತ್ತ
‘ಓದಿ, ಕೇಳುವ’ ಎಂದರು.

ಲಕ್ಕಿ ಗಿಡ, ಅಂದೆ.
‘ಅದು ನೆಕ್ಕಿ. ಬಾವಿಯ ಹಿಂದೆ.’
ಒಂದೆಲಗ.
‘ತಿಮರೆ. ನೀವು ಮೆಟ್ಟಿ ನಿಂತದ್ದು.’
ಕಾಲು ತೆಗೆದು ಗುರುತು ಹಾಕಿದೆ.
ಕೇಪಳ ಎರಡು, ಕುಂಟಲ ಒಂದು.
ತುಂಬೆಯನ್ನು ಮಾತ್ರ ನಾನೇ ಕಂಡುಹಿಡಿದೆ,
ಗುರುತಿಲ್ಲದವರ ಮದುವೆಯಲ್ಲಿ
ನಮ್ಮೂರವನ ಚಪ್ಪಲಿ ಕಂಡ ಹಾಗೆ.

ಉಳಿದದ್ದು ನಡುವಿನ ಮರ.
ಒಂದು ಕೊಂಬೆಯ ಮೊಣಕೈ ನೆಲಕ್ಕೆ ಊರಿ
ಹಳದಿ ಕೆಂಪು ಹಣ್ಣು ಬಿಟ್ಟು ನಿಂತಿದೆ
ಬೀಜ ಹೊರಗೇ ಮರೆತು.
ಅದು ಸೇರಿದರೆ ಪಾಸು,
ಬಿಟ್ಟರೆ ಹದಿನೇಳು ಚದರಡಿ ಕೊರತೆ.

‘ಗೇರು ಪಟ್ಟಿಯಲ್ಲಿಲ್ಲ ಬಾಯಿ.
ಹಡಗಿನಲ್ಲಿ ಬಂದದ್ದು, ಪೋರ್ಚುಗೀಸರ ಜತೆ.’
‘ಯಾವಾಗ?’
‘ನಾನೂರು ಚಿಲ್ಲರೆ ವರ್ಷ.’
‘ಸಾಲದಾ?’

ನಮೂನೆ ಏಳರಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಕಿವಿರು ಕಿತ್ತು ಬೆಕ್ಕಿಗೆ ಎಸೆದರು.
ಹದಿನೆಂಟು ವರ್ಷ ಫ್ಯಾಕ್ಟರಿಯಲ್ಲಿ ಬೀಜ ಒಡೆದ
ಬೆರಳು ಬಿಡಿಸಿ ತೋರಿಸಿದರು.
ತುದಿಗಳು ಕಪ್ಪು, ಸೋಪಿಗೆ ಬಗ್ಗದ ಕಪ್ಪು.
‘ಹೊರಗಿನದ್ದು ಅಂತ ಅಲ್ಲಿ ಯಾರೂ ಹೇಳ್ಲಿಲ್ಲ ಮಾರಾಯ್ರೆ.
ನಿಮ್ಮದು ಯಾವೂರು?’

‘ಬ್ಯಾಡಗಿ.’

ಕೈಯನ್ನೂ ಒರೆಸದೆ ಒಳಗೆ ಓಡಿ
ಭರಣಿ ತಂದು ಮುಚ್ಚಳ ತೆಗೆದರು:
ಸುಕ್ಕುಸುಕ್ಕು ಕೆಂಪು.
ನಮ್ಮವ್ವ ಕಣ್ಣುರಿಸಿಕೊಂಡು ತೊಟ್ಟು ಮುರಿದದ್ದು,
ಆ ಘಾಟಿಗೆ ಸೀನಿ ಸೀನಿ ನಾನು ಅಕ್ಷರ ಕಲಿತದ್ದು,
ಎಲ್ಲ ಒಂದೇ ಉಸಿರಿಗೆ ಮೂಗಿನೊಳಗೆ.

‘ಇದೂ ಅದೇ ಹಡಗಿನದ್ದಲ್ಲವಾ?’

ನಾನು ಪೆನ್ನಿನ ಮುಚ್ಚಳ ಹಾಕಿದೆ. ತೆಗೆದೆ.
ಇದೇ ಕಡಲಿನಿಂದ ಘಟ್ಟ ಹತ್ತಿದ್ದು ಯಾರ ಹೆಗಲ ಮೇಲೋ;
ಇಳಿದದ್ದು ಲಾರಿಯಲ್ಲಿ, ನನ್ನ ಹಾಗೆ,
ಬಂಗುಡೆಯ ಗಸಿಗೆ.
ತಹಶೀಲ್ದಾರರ ಸಹಿಯ ವಾಸಸ್ಥಳ ಪತ್ರ ನನಗಿದೆ;
ಮೆಣಸಿಗೆ ಯಾರೂ ಕೇಳಿದ್ದಿಲ್ಲ.

‘ಗೇರು: ಪರಿಶೀಲನೆಯಲ್ಲಿದೆ’ ಎಂದು ಬರೆದೆ.
ಬೇರೆ ಪದ ನಮಗೆ ಕಲಿಸಿಲ್ಲ.

ಹೊರಡುವಾಗ ಒಂದು ಹಣ್ಣು ಕೊಯ್ದು
ಉಪ್ಪು ಉಜ್ಜಿ ಕೊಟ್ಟರು. ‘ಗೋವೆ ಹಣ್ಣು.
ಹೆಸರಲ್ಲೇ ಊರಿದೆ ನೋಡಿ, ಅಡಗಿಸಿಲ್ಲ.
ಬಗ್ಗಿ ತಿನ್ನಿ. ಇದರ ಕಲೆ ಹೋಗುವುದಿಲ್ಲ.’

ಬಗ್ಗಿಯೇ ತಿಂದೆ. ಗಂಟಲು ಕೆರೆಯಿತು.
ಆದರೂ ಅಂಗಿಗೊಂದು ಹನಿ,
ಕಾಗದಕ್ಕೊಂದು.

ಸಂಜೆ ಕಚೇರಿಯಲ್ಲಿ ಸಾಹೇಬರು
ಹಾಳೆ ತಿರುವಲಿಲ್ಲ, ಕನ್ನಡಕ ಹುಡುಕಲಿಲ್ಲ.
ಕಂದು ವೃತ್ತ ಬಿದ್ದಿದ್ದಲ್ಲಿ,
ಅದೇ ಜಾಗವೆಂದುಕೊಂಡು,
ಸಹಿ ಮಾಡಿದರು.