ಅರ್ಧ ಕ್ಲಚ್

ವರ್ಷದಾಗ ಮೂರನೇ ಸಲ ಬಂದಿತ್ತು ಆ ಬಿಳಿ ಒಮ್ನಿ
ಚಿದ್ರಿ ರೋಡಿನ ನನ್ನ ತಗಡಿನ ಶೆಡ್ಡಿಗೆ.
ಇಂಜಿನ್ ಒದರತದ, ಗಾಡಿ ಹೋಗಲ್ಲ, ಅಂದ ಬಕ್ಕಪ್ಪ,
ನಮ್ಮ ಸೋದರಮಾವನಂಗ.

ಪಾನಾ ಮುಟ್ಟಲಿಲ್ಲ ನಾ.
ಹ್ಯಾಂಡ್‌ಬ್ರೇಕ್ ಜಗ್ಗಿ, ಮೂರನೇ ಗೇರ್ ಹಾಕಿ
ಸಾವಕಾಶ ಕಾಲು ತಗದೆ.
ಕ್ಲಚ್ ಗಟ್ಟಿ ಇದ್ದರ
ಇಂಜಿನ್ ಒಮ್ಮೆ ಕೆಮ್ಮಿ ಸಾಯಬೇಕು.
ಇದು ಸಾಯಲಿಲ್ಲ, ನಡೀಲೂ ಇಲ್ಲ.
ಸೀಟಿನ ಬುಡದಿಂದ ಎದ್ದು ಬಂತು ವಾಸನಿ:
ಸುಟ್ಟ ಕೂದಲು, ಬಿಸಲಿಗೆ ಮರತ ರಬ್ಬರ್ ಚಪ್ಪಲಿ.

ದೇವಪುತ್ರಪ್ಪ ಉಸ್ತಾದ್ ಹೇಳತಿದ್ದ:
ಮೊದಲ ಮೂಗು, ಆಮ್ಯಾಲ ಕಿವಿ, ಕಡೀಕ ಪಾನಾ.
ಪೆಡಲ್ ಒತ್ತಿದಾಗಷ್ಟೇ ಕೀಂ ಅಂದರ
ಬೇರಿಂಗ್ ಅಳತದ, ಅಕೀನ್ನ ಕೇಳು.
ಗೇರ್ ಬೀಳುವಾಗ ಹಲ್ಲು ಕಡದರ
ಪ್ಲೇಟ್ ಕೈ ಬಿಡವಲ್ದು, ಕೇಬಲ್ ಜಗ್ಗಿ ನೋಡು.
ಗಾಡಿ ಏಳುವಾಗ ಥಂಡಿಜ್ವರ ಬಂದವರಂಗ ನಡುಗಿದರ
ಎಲ್ಲೋ ಎಣ್ಣಿ ಸೋರಿ ಪ್ಲೇಟಿಗೆ ಹತ್ತ್ಯದ,
ಪ್ಲೇಟ್ ಬದಲಿಸಿ ರೊಕ್ಕ ಎಣಸಬ್ಯಾಡ,
ಮೊದಲ ಸೋರೋ ಜಾಗಾ ಹುಡುಕು, ಕಳ್ಳ.
ಮತ್ತ ಎಲ್ಲಾ ಸರಿ ಇದ್ದೂ ಪ್ಲೇಟ್ ಸುಟ್ಟರ...
ಇಲ್ಲಿಗೆ ನಿಂತು ಬೀಡಿ ಹಚ್ಚತಿದ್ದ.
ಗಾಡಿ ಬಿಡು. ಕಾಲು ನೋಡು.

ಗೇರ್‌ಬಾಕ್ಸ್ ಇಳಿಸಿದೆ.
ರಿವೆಟ್ ತನಕ ಸವದಿತ್ತು ಪ್ಲೇಟು.
ಫ್ಲೈವೀಲ್ ಮ್ಯಾಲ ಪಾರಿವಾಳದ ಕುತ್ತಿಗಿಯ ನೀಲಿ.
ಕೇಬಲ್ ಸರಿ. ಸೀಲ್ ಒಣಾ.

ಏನು ಹೇರತೀಯೋ ಇದರಾಗ, ಶಹಾಬಾದಿ ಕಲ್ಲು?
ಒಂದೇ ಸವಾರಿ, ಅಂದ. ಅದೂ ಮಲಗಿರತದ.
ಮುಂದ ಹಲಗಿ, ಹಿಂದ ಮಂದಿ.
ಎಲ್ಲಾರಕಿಂತ ನಿಧಾನ ನಡಿಯೋ ಮುದುಕಿ ಯಾರಿರತಾಳೋ
ಅಕೀ ಹೆಜ್ಜಿನೇ ನನ್ನ ಸ್ಪೀಡು.
ಅಕೀ ಮುಂದ ಫಸ್ಟ್ ಗೇರೂ ಕುದುರಿ ಆಗತದ, ಝರೆಪ್ಪಣ್ಣ.

ಅರ್ಧ ಒತ್ತಿ ಹಿಡದರ ಸುಡದ ಏನಾಗತದ?
ನಿಂತು ನಿಂತು ಹೋಗು, ಅಂದೆ, ಜಾಣನಂಗ.
ನ್ಯೂಟ್ರಲ್ ಮಾಡು, ಮಂದಿ ಬರಲಿ,
ಆಮ್ಯಾಲ ಪೂರಾ ಬಿಡು, ನಾಕು ಮಾರು ಉರುಳು.

ಬಕ್ಕಪ್ಪ ಗ್ರೀಸ್ ಹತ್ತಿದ ನೆಲ ನೋಡಿದ.
ನಿಲ್ಲಿಸಿ ನೋಡೀನಿ.
ಗಾಡಿ ನಿಂತರ ಹಲಗಿ ನಿಲ್ಲತದ.
ಎಲ್ಲಾರೂ ತಿರುಗಿ ನನ್ನ ಗಾಡಿ ಬಾಗಲಾ ನೋಡತಾರ,
ಒಳಗಿದ್ದವರು ಇಳದು ಬರತಾರೇನೋ ಅನ್ನಂಗ.

ಆ ದಿನ ಪ್ಲೇಟು, ಬೇರಿಂಗು ಹೊಸಾದು ಕೂಡಿಸಿದೆ,
ಫ್ಲೈವೀಲಿನ ಮುಖ ಲೇತಿಗೆ ಕೊಟ್ಟು ಸಾಪು ಮಾಡಿಸಿದೆ,
ಪೆಡಲಿಗೆ ಎರಡು ಬೆರಳು ಸಡಿಲ ಬಿಟ್ಟೆ.
ಬಿಲ್ಲಿನಾಗ ಸಾಮಾನಷ್ಟೇ ಬರದೆ.
ಯಾಕ ಅಂತ ಅವ ಕೇಳಲಿಲ್ಲ.

ಮಾರ್ಚ್ ತಿಂಗಳದಾಗ ಉಸ್ತಾದ್ ಹೋದ.
ಮಂಗಲಪೇಟದ ಓಣಿಯಿಂದ ಅದೇ ಒಮ್ನಿ,
ಹಿಂದ ಹಾಡಕೋತ ಹೆಣ್ಣುಮಕ್ಕಳು, ಕೆಂಪು ಧೂಳು,
ಎಲ್ಲಾರಕಿಂತ ಹಿಂದ ಅವನ ತಂಗಿ ಸುಗಂಧಮ್ಮ,
ಮಂಡಿ ಬಾತಿದ್ದು, ಬಡಗಿ ಊರಕೋತ.

ಗುಲಾಬಿ ಹಾರ, ಮೇಣಬತ್ತಿ, ಬೆವರು,
ಅದರ ನಡುವ ಬಂತು ಆ ವಾಸನಿ.
ನನಗ ಗೊತ್ತಾತು. ಪೆಟಗಿ ಒಳಗಿದ್ದವನಿಗೂ ಗೊತ್ತಾಗಿರಬೇಕು,
ಹಂತಾ ಮೂಗು ಅವಂದು.
ಐದು ತಿಂಗಳ ಪ್ಲೇಟು
ಎಳಿ ಎಳಿ ಆಗಿ ಸುಡತಿತ್ತು,
ಒತ್ತಲಾರದ, ಬಿಡಲಾರದ
ಒಂದು ಎಡಗಾಲಿನ ಕೆಳಗ.

ಓಡಿ ಕಿಟಕಿ ಬಡದು ಹೇಳಬಹುದಿತ್ತು.
ಹಿಂದ ಹೋಗಿ ಸುಗಂಧಮ್ಮನ ರಟ್ಟಿ ಹಿಡದೆ.
ಅವಸರ ಇಲ್ಲವ್ವ, ಅಂದೆ,
ಸಾವಕಾಶ ಬಾ.