ಸರಿ ಬೆಸ

ಕೂತುಕೋ ಮಗೂ, ಈ ದಿದುಬೆ ನಿಲ್ದಾಣದಲ್ಲಿ
ವೇಳಾಪಟ್ಟಿ ಅನ್ನೋದು ಗೋಡೆಯ ಅಲಂಕಾರ.
ಹದಿನೆಂಟು ಸೀಟು ತುಂಬಿದರೆ ಹೊರಡುತ್ತೆ,
ಇಲ್ಲದಿದ್ದರೆ ಡ್ರೈವರು ಸೂರ್ಯಕಾಂತಿ ಬೀಜ ಸುಲಿಯುತ್ತ
ನಮ್ಮನ್ನೇ ನೋಡುತ್ತಾನೆ, ನಾವೇ ತಡ ಮಾಡಿದ ಹಾಗೆ.

ನೀನು ಮೊನ್ನೆ ಇಳಿದವಳು. ನನ್ನದು ಒಂಬತ್ತನೇ ಸಲ.
ಪಾಸ್‌ಪೋರ್ಟಿನಲ್ಲಿ ಜಾರ್ಜಿಯಾದ ಮುದ್ರೆಗಳು
ಒಂದರ ಮೇಲೊಂದು ಬಿದ್ದು, ಯಾವ ವರ್ಷ ಯಾವುದೋ.
ಇಲ್ಲಿ ಯಾರನ್ನಾದರೂ ಮದುವೆಯಾಗಿದ್ದೀರಾ, ಅಂತ
ಅಧಿಕಾರಿಯೊಬ್ಬ ಕೇಳಿದ್ದ ಒಮ್ಮೆ.
ಹೌದಪ್ಪ, ಒಂದು ಅಡುಗೆಮನೆಯನ್ನ, ಅಂದೆ.
ಅವನಿಗೆ ನಗು ಬರಲಿಲ್ಲ. ಮುದ್ರೆ ಒತ್ತಿದ.

ಬರಕೋ ಬೇಕಾದರೆ.
ಮಾಂಸ ತಿನ್ನದಿದ್ದರೆ ಕಾರಣ ಕೊಡಬೇಡ,
ಜಾತಿ, ಅಜೀರ್ಣ, ಪ್ರಾಣಿದಯೆ, ಯಾವುದೂ ನಡೆಯೋಲ್ಲ.
"ಸಮಾರ್ಖ್ವೋ" ಅನ್ನು. ಉಪವಾಸದ ಊಟ.
ಯಾವ ದೇವರ ಉಪವಾಸ ಅಂತ ಯಾರೂ ಕೇಳೋಲ್ಲ;
ಕಾಳು ತುಂಬಿದ ರೊಟ್ಟಿ ಬರುತ್ತೆ,
ಬೆಲ್ಲ ಮರೆತ ಹೋಳಿಗೆಯ ಥರ.

ಡ್ರೈವರು ಪ್ರತಿ ಚರ್ಚಿಗೂ ಸ್ಟೀರಿಂಗ್ ಬಿಟ್ಟು
ಮೂರು ಸಲ ಎದೆಗೆ ಶಿಲುಬೆ ಬರೆದುಕೊಳ್ಳುತ್ತಾನೆ, ತಿರುವಿನಲ್ಲೂ.
ಆಗ ರಸ್ತೆ ನೋಡಬೇಡ. ಅವನೂ ನೋಡೋಲ್ಲ.

ಮಾಮಾ ಅಂದರೆ ಇಲ್ಲಿ ಅಪ್ಪ.
ಯಾರಾದರೂ ಮೊದಲೇ ಹೇಳಬೇಕಿತ್ತು ನನಗೆ.
ಲಮಾರಾಳ ಪಕ್ಕದ ಮನೆಯ ಗುರಾಮ್, ಎಪ್ಪತ್ತರ ಮುದುಕ,
ಗೌರವಕ್ಕೆ ಅಂತ ಮಾಮಾ ಅಂದುಬಿಟ್ಟೆ.
ಮೇಜಿನ ಸುತ್ತ ಮೌನ. ಅವನು ಮೀಸೆ ಒರೆಸಿಕೊಂಡು
ನನ್ನ ಬಣ್ಣ ನೋಡಿ, ತನ್ನ ಹೆಂಡತಿಯನ್ನು ನೋಡಿ
"ನಾನು ಯಾವತ್ತೂ ಭಾರತಕ್ಕೆ ಹೋಗಿಲ್ಲ, ದೇವರಾಣೆ" ಅಂದ.

ಲಮಾರಾ ಯಾರು ಅಂತ ಹೇಳಿಲ್ಲ ಅಲ್ಲವಾ.
ಓನಿಯಲ್ಲಿ, ಸೇತುವೆ ದಾಟಿ, ನೀಲಿ ಗೇಟು.
ಮೊದಲ ಸಲ, ಮಳೆಯಲ್ಲಿ ನಿಂತಿದ್ದವಳನ್ನು ಒಳಗೆ ಎಳಕೊಂಡಳು.
ಎರಡನೇ ಸಲ, ಕೊಡೆ ಯಾಕೆ ತಂದೆ ಅಂತ ಬೈದಳು.
ನಮ್ಮಿಬ್ಬರ ನಡುವೆ ಒಟ್ಟು ನಲವತ್ತು ಪದ,
ಅದರಲ್ಲಿ ಹನ್ನೊಂದು ತರಕಾರಿ.
ಸಾಲುತ್ತಿತ್ತು. ಗಂಡನ ಸಾವನ್ನು ಅವಳು
ಬೆಳ್ಳುಳ್ಳಿ, ಚಳಿಗಾಲ, ಇಲ್ಲ,
ಈ ಮೂರರಲ್ಲೇ ಹೇಳಿ ಮುಗಿಸಿದಳು.

ಹಾಂ, ಮುಖ್ಯವಾದದ್ದು.
ಯಾರ ಮನೆಗಾದರೂ ಹೂ ಒಯ್ಯುವಾಗ ಎಣಿಸು.
ಮೂರು, ಐದು, ಏಳು. ಬೆಸವೇ ಆಗಬೇಕು.
ಸರಿಸಂಖ್ಯೆ ತಪ್ಪು. ಸರಿ ಇಲ್ಲಿ ಮಣ್ಣಿಗೆ.
ನಾನು ಆರು ಗುಲಾಬಿ ಹಿಡಿದು ನಿಂತ ವರ್ಷ
ಲಮಾರಾ ಒಂದನ್ನು ಕಿತ್ತು ಹಸುವಿನ ಮುಂದೆ ಹಾಕಿ
"ಇನ್ನೂ ಇಲ್ಲ" ಅಂದಳು.
ಹಸು ಮೂಸಿ ನೋಡಿ ಬಿಟ್ಟಿತು.

ಇವತ್ತು ಬೆಳಿಗ್ಗೆ ಆ ಮೂಲೆಯ ಹೂವಿನವಳು
ಕೇಳದೆಯೇ ಏಳು ಕಟ್ಟಿಕೊಟ್ಟಳು.
ಒಂದು ತೆಗಿ, ಅಂದೆ.
ಚಿಲ್ಲರೆ ಎಣಿಸುತ್ತಿದ್ದವಳು ನನ್ನ ಮುಖ ನೋಡಿದಳು.
ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು, ನಿಧಾನಕ್ಕೆ.

ಆ ಏಳನೆಯದು ಚೀಲದಲ್ಲೇ ಇದೆ, ತಗೋ.
ನಿನಗೆ ಮೊದಲ ಸಲ ಅಲ್ಲವಾ, ಒಂದು ಸಾಕು.

ಅಗೋ, ಹದಿನೆಂಟನೆಯವನು ಬಂದ, ಕೋಳಿ ಸಮೇತ.
ಕಿಟಕಿ ಪಕ್ಕ ನೀನೇ ಕೂರು. ಯಾರಾದರೂ
ಹಣ್ಣು ಹಂಚಿದರೆ ಬೇಡ ಅನ್ನಬೇಡ.
ರಿಯೋನಿ ನದಿ ಕಂಡ ಕೂಡಲೆ
ನಾನು ನಿದ್ದೆ ಹೋಗಿದ್ದರೂ ಎಬ್ಬಿಸು.