ಹದಿನೈದು ಸುತ್ತೋ, ಹನ್ನೆರಡೋ

ಅಕ್ರಾದ ಬುಕೋಮಿನಲ್ಲಿ, ಬೀದಿಬದಿ, ಚೌಕದ ಹಲಗೆಯ ಮೇಲೆ
ಎರಡು ಬಿಯರ್ ಮುಚ್ಚಳ.
ತುಕ್ಕು ಹಿಡಿದದ್ದು ಒಡೊಯ್, ಐವತ್ತೆರಡರ ಚಾಂಪಿಯನ್.
ಹೊಳೆಯುವುದು ಅಜೆಟೆ, ತೊಂಬತ್ತೊಂದರವನು.
ನಡುವಿನ ನಲವತ್ತು ವರ್ಷವನ್ನು
ಲಾರ್ಟೆ ಹೆಬ್ಬೆರಳಲ್ಲಿ ಒರೆಸಿಹಾಕಿದ.

"ಹದಿನೈದು ಸುತ್ತು," ಅಂದ. "ಹನ್ನೆರಡೇ," ಅಂದ ಕ್ವೆಯ್.
"ಕೈಗವುಸು ಯಾರ ಕಾಲದ್ದು?"
"ಯಾರದ್ದಾದ್ರೇನು? ದೋಣಿ ಎಳೆದ ಭುಜ ಕಣೋ ಒಡೊಯ್‌ದು,
ಎಡಗೈ ಬೀಸಿದರೆ ಸಮುದ್ರ ಒಂದು ಹೆಜ್ಜೆ ಹಿಂದೆ ಸರಿಯೋದು."
"ನೀನು ಕಂಡಿದ್ಯಾ?"
"ಅಪ್ಪ ಕಂಡಿದ್ದ."

ಜೋಳದ ಕೆಂಕೆಯ ಸಿಪ್ಪೆ ಬಿಚ್ಚುತ್ತ ಅಡೋಲೆ ಕೇಳಿದಳು:
"ಯಾವ ವಯಸ್ಸಿನ ನಮ್ಮಪ್ಪನನ್ನ ಕರೀತೀರಿ?
ನನಗೆ ಗೊತ್ತಿರೋನಿಗೆ ಅಂಗಿಯ ಗುಂಡಿ ಹಾಕೋಕೆ ಬರ್ತಿರಲಿಲ್ಲ.
ಮೀನಿನ ಮುಳ್ಳು ನಾನೇ ತೆಗೆದು ಕೊಡ್ತಿದ್ದೆ.
ಸೋಮವಾರ ನನಗೊಂದು ಹೆಸರು, ಮಂಗಳವಾರ ಇನ್ನೊಂದು."

ಒಲೆಯ ಹೊಗೆ ಈ ಕಡೆ ತಿರುಗಿತು.
ಯಾರೂ ಮುಚ್ಚಳ ಮುಟ್ಟಲಿಲ್ಲ.
ಆಮೇಲೆ ಕ್ವೆಯ್, ಮೆಲ್ಲಗೆ: "ಇಪ್ಪತ್ತನಾಲ್ಕರವನು.
ತೂಕ ಹಾಕಿಸಿಕೊಂಡ ಬೆಳಿಗ್ಗೆ. ಹಸಿದಿದ್ದಾನೆ."

ಅವಳು ಕೈ ಒರೆಸಿ, ಸ್ಟೂಲು ಎಳೆದುಕೊಂಡಳು.
"ಆಗ ನಾನಿನ್ನೂ ಹುಟ್ಟಿರಲಿಲ್ಲ. ಸ್ವಲ್ಪ ಸರೀರಿ,
ಕಾಣಲಿ.
ಹದಿನೈದೇ ಇರಲಿ."